ಸೀಸೆಯಲ್ಲಿಟ್ಟ ಹಕ್ಕಳೆ

೧೯೭೯ರಲ್ಲಿ ನಾನು ಸಂತೆಗಳಲ್ಲಿ ಹುಣ್ಣಿನ ಔಷಧಿ ಮಾರುತ್ತಿದ್ದೆ. ಜಗಳೂರು, ಹೊನ್ನಾಳಿ, ನ್ಯಾಮತಿ, ಸಂತೇಬೆನ್ನೂರು ನನ್ನ ಸುತ್ತು. ಓದಿದ್ದು ಮೂರನೇ ಕ್ಲಾಸು. ಎಕ್ಕದ ಹಾಲಿಗೆ, ಅಗಸರು ಬಟ್ಟೆಗೆ ಗುರುತು ಹಾಕುವ ಕರಿಗೇರಿನ ಎಣ್ಣೆ ಬೆರೆಸಿ ಕಾಯಿಸಿದ ಕಪ್ಪು ಮುಲಾಮು ನನ್ನದು. ಹಚ್ಚಿದ ಕಡೆ ಮಾಂಸ ಸತ್ತು, ಹಕ್ಕಳೆಯಾಗಿ ಉದುರುತ್ತಿತ್ತು. ಅದನ್ನೇ ಗುಣ ಎನ್ನುತ್ತಿದ್ದೆ.

ನನ್ನ ತಂಗಿ ಹಾಲಮ್ಮನ ಸೊಂಟದಲ್ಲಿ, ಲಂಗದ ಲಾಡಿ ಬಿಗಿಯುವ ಜಾಗದಲ್ಲಿ, ಒಂದು ಹುಣ್ಣಾಗಿತ್ತು. ಬಾಗಿ ಕಳೆ ಕೀಳುವ ಹೆಂಗಸರು ಲಾಡಿಯನ್ನು ಬಿಗಿಯಾಗಿಯೇ ಕಟ್ಟುತ್ತಾರೆ. ಅಲ್ಲಿ ಚರ್ಮ ಕಪ್ಪಾಗಿ ತರಚುವುದು ಎಲ್ಲರಿಗೂ ಇದ್ದದ್ದೇ. ಇದು ಮಾತ್ರ ಮಾಯಲಿಲ್ಲ. ಅಂಚು ಗಡುಸಾಗಿ ಎದ್ದಿತು. ನಾನು ಮುಲಾಮು ಹಚ್ಚಿದೆ. ಅವಳು ಸೆರಗು ಕಚ್ಚಿಕೊಂಡು ಸಹಿಸಿದಳು. ಅಂಗೈಯಗಲದ ಹಕ್ಕಳೆ ನಾರುತ್ತ ಕಳಚಿ ಬಂತು.

ಅದನ್ನು ಸ್ಪಿರಿಟ್ ತುಂಬಿದ ಸೀಸೆಯಲ್ಲಿಟ್ಟು ಸಂತೆಗೆ ಒಯ್ದೆ. "ನೋಡ್ರಿ, ಕ್ಯಾನ್ಸರ್ ಬೇರು! ಬುಡಸಮೇತ ಕಿತ್ತೀನಿ!" ಜನ ಮುಖ ಕಿವುಚಿಕೊಂಡು ನೋಡಿದರು, ಮುಲಾಮು ಕೊಂಡರು. ಒಡಹುಟ್ಟಿದವಳ ಕೊಳೆತ ಮಾಂಸವನ್ನು ಎತ್ತಿ ಎತ್ತಿ ತೋರಿಸಿದ ಈ ಕೈಯಿಂದಲೇ ಇಂದಿಗೂ ಉಣ್ಣುತ್ತೇನೆ.

ಕೆಲವು ತಿಂಗಳಾದ ಮೇಲೆ ಹಾಲಮ್ಮ ಸಂತೆಗೇ ಬಂದಳು.

"ಅಣ್ಣಾ, ತೊಡೆಸಂದ್ಯಾಗೆ ಗಂಟು ಎದ್ದೈತೆ. ದಾವಣಗೆರೆಗೆ ಹೋಗಿ ತೋರಿಸ್ಲಾ?"

"ಹುಣ್ಣು ಮಾಯ್ದೈತಲ್ಲ. ಒಳಗಿನ ಕಸ ಹಿಂಗೇ ಹೊರಗೆ ಬರೋದು. ನನ್ನ ತಂಗೀನೇ ದವಾಖಾನೆಗೆ ಹೋದ್ರೆ ನನ್ನ ಸೀಸೆ ಯಾರು ನಂಬ್ತಾರೆ?"

ಅವಳು ಸೀಸೆ ನೋಡಿ ನಕ್ಕಳು. "ನಿನ್ನ ಯಾಪಾರಕ್ಕೆ ನನ್ನ ಸೊಂಟಾನೇ ಬೇಕಿತ್ತೇನೋ ಕಳ್ಳ!" ಎಂದು, ನನ್ನ ಮಾತು ನಂಬಿ ಮನೆಗೆ ಹೋದಳು.

ಗಂಟು ಒಡೆದು ಕೀವು ಸುರಿದಾಗ ನಾನೇ ದಾವಣಗೆರೆಗೆ ಕರೆದೊಯ್ದೆ. ಡಾಕ್ಟರು ಸೊಂಟದ ಕಲೆ ಮುಟ್ಟಿ ನೋಡಿದರು. "ಏನು ಹಚ್ಚಿದ್ರಿ ಇದಕ್ಕೆ? ಇದು ಕ್ಯಾನ್ಸರ್. ಮೇಲಿಂದು ಮಾತ್ರ ಸುಟ್ಟಿದ್ದೀರಿ. ಒಳಗೆ ಉಳಿದದ್ದು ತೊಡೆಸಂದಿನ ಗಂಟಿಗೆ ಇಳಿದೈತೆ. ಹುಣ್ಣಿದ್ದಾಗಲೇ ಬಂದಿದ್ರೆ ಕೊಯ್ದು ತೆಗೀಬಹುದಿತ್ತು."

ಮುಂದಿನ ಸುಗ್ಗಿಗೆ ಅವಳಿರಲಿಲ್ಲ. ಹೆಣಕ್ಕೆ ನೀರೆರೆದ ಹೆಂಗಸರು ಹೊರಗೆ ಬಂದು ನನ್ನನ್ನು ಹೊಗಳಿದರು: "ಏನೇ ಅನ್ನು, ಸೊಂಟದ್ದು ಮಾತ್ರ ಚಂದಾಗಿ ಮಾಯಿಸಿದ್ದೆ ಬಿಡಪ್ಪ."

ಗಿಡದ ರಸದಲ್ಲಿ ಕ್ಯಾನ್ಸರ್ ಕೊಲ್ಲುವ ಔಷಧಿ ಹುಡುಕುತ್ತಿದ್ದಾರೆಂದು ಮೊನ್ನೆ ರೇಡಿಯೊದಲ್ಲಿ ಕೇಳಿದೆ. ಹುಡುಕಲಿ. ನನ್ನ ಮುಲಾಮೂ ಕೊಲ್ಲುತ್ತಿತ್ತು. ಯಾವುದು ಸತ್ತಿತು, ಯಾವುದು ಒಳಗೆ ಉಳಿಯಿತು ಎಂದು ನೋಡುವ ವಿದ್ಯೆ ನನಗಿರಲಿಲ್ಲ. ನೋಡಬಲ್ಲವರ ಬಳಿಗೆ ಹೊರಟವಳನ್ನು ಸಂತೆಯಿಂದಲೇ ಹಿಂದಕ್ಕೆ ಕಳಿಸಿದೆ.