‘ರೆ’ ಟ್ರೇಯಲ್ಲಿ ಬಿದ್ದ ಕಾಗದ

ಪತ್ರದ ಗುಮಾಸ್ತರು ತೀರಿಕೊಂಡದ್ದು ಮಗಳ ಮನೆಯ ಮುಂದಿನ ಕೋಣೆಯಲ್ಲಿ. ಅವರ ಜಾಯಮಾನಕ್ಕೆ ಆ ಕೋಣೆಯ ಹೊಸ್ತಿಲು ತುಳಿಯದೆಯೇ ಹೋಗಿಬಿಡಬೇಕಿತ್ತು.

ನೀರೆತ್ತುವ ಪಂಪು ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅವರದು ಒಂದೇ ಕೆಲಸ. ಹೊರದೇಶದಿಂದ ಬಂದ ಇಂಗ್ಲಿಷ್ ಪತ್ರ ಓದಿ, ಬರೆದವನಿಗೆ ಏನು ಬೇಕಾಗಿದೆ ಎಂದು ಹೇಳುವುದು. ಮೇಜಿನ ಮೇಲೆ ನಾಲ್ಕು ತಗಡಿನ ಟ್ರೇ. ಮೊದಲನೆಯದು ಸುದ್ದಿಗೆ, ಎರಡನೆಯದು ಪ್ರಶ್ನೆಗೆ, ಮೂರನೆಯದು ಅಪ್ಪಣೆಗೆ. ನಾಲ್ಕನೆಯದನ್ನು ಎಲ್ಲರೂ ‘ರೆ’ ಟ್ರೇ ಎನ್ನುತ್ತಿದ್ದರು: ಬಂದರೆ, ಇದ್ದರೆ, ಆಗುವಂತಿದ್ದರೆ. ಅಪ್ಪಣೆಗೆ ಅದೇ ದಿನ ನಾಲ್ಕು ಗಂಟೆಯ ಟಪಾಲಿನಲ್ಲಿ ಉತ್ತರ ಹೋಗಬೇಕು. ‘ರೆ’ ಟ್ರೇಗೆ ಬಿದ್ದದ್ದಕ್ಕೆ ಉತ್ತರವೇ ಇಲ್ಲ.

ಇಂಗ್ಲಿಷ್ ವಾಕ್ಯದ ವೇಷವನ್ನು ಅವರು ನಂಬುತ್ತಿರಲಿಲ್ಲ. ಒಮ್ಮೆ ಒಬ್ಬ ಗಿರಾಕಿ, ಶುಕ್ರವಾರದೊಳಗೆ ಮಾದರಿ ಸಿಕ್ಕರೆ ನಮಗೆ ಬಹಳ ಸಂತೋಷವಾದೀತು ಎಂದು ಬರೆದಿದ್ದ. ಹೊಸ ಮ್ಯಾನೇಜರ್ ಓದಿ ಹಿಗ್ಗಿದರು. ಗುಮಾಸ್ತರು ಅದನ್ನು ಅಪ್ಪಣೆಯ ಟ್ರೇಗೆ ಹಾಕಿ, “ಸಂತೋಷ ಅಲ್ಲ ಸಾರ್, ಗಡುವು” ಎಂದರು. ಇನ್ನೊಬ್ಬ, ನಮ್ಮೂರಿಗೆ ಬನ್ನಿ, ನಮ್ಮಲ್ಲೇ ಊಟ ಮಾಡಿ ಎಂದು ಖಡಕ್ಕಾಗಿ ಬರೆದರೆ, ಅದು ಸೀದಾ ‘ರೆ’ ಟ್ರೇಗೆ. ಎರಡರಲ್ಲೂ ಅವರದೇ ಸರಿಯಾಯಿತು. ಅಲ್ಲಿಂದ ಅವರ ಹೆಸರು ‘ಡೌಟಪ್ಪ’.

ಡೌಟು ಮನೆಗೂ ಬಂತು. ತಾಯಿಯಿಲ್ಲದ ಮಗಳು ಕನ್ನಡಕದ ಅಂಗಡಿಯವನನ್ನು ಮದುವೆಯಾಗುತ್ತೇನೆ ಎಂದಾಗ, “ಮಾತಿಗೊಂದು ಪ್ಲೀಸ್ ಅಂತಾನೆ. ಒಳಗೆ ಏನೋ ಇದೆ” ಎಂದುಬಿಟ್ಟರು. ಮದುವೆಗೂ ಹೋಗಲಿಲ್ಲ. ಎರಡು ವರ್ಷ ಮಾತಿಲ್ಲ, ಕತೆಯಿಲ್ಲ.

ನಿವೃತ್ತಿಗೆ ಎರಡು ತಿಂಗಳಿರುವಾಗ ಕಚೇರಿಯ ವಿಳಾಸಕ್ಕೆ ಮಗಳ ಕಾಗದ ಬಂತು, ಇಂಗ್ಲಿಷಿನಲ್ಲಿ. ಕಾಲೇಜಿಗೆ ಹೋದಾಗಿನಿಂದ ಅವಳಿಗೆ ಅದೇ ಅಭ್ಯಾಸ. ಹಾಸ್ಟೆಲಿನಿಂದ ಅವಳು ಬರೆಯುವುದು, ಇವರು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುವುದು. ಈ ಕಾಗದದಲ್ಲಿ ಒಂದೇ ವಾಕ್ಯ: ನೀವು ಬರುವುದಾದರೆ ಮುಂದಿನ ಕೋಣೆ ನಿಮಗೆಂದು ಇಟ್ಟಿದ್ದೇವೆ.

ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದರು. ಭೂತಗನ್ನಡಿ ಹಾಕಿದರು. ಅಕ್ಷರ ಅವಳದೇ. ಆದರೆ ಒಂದು ಕಾಮಾ ಕೂಡ ಆಚೀಚೆ ಆಗಿಲ್ಲ.

“ಇದು ಅವಳು ಬರೆದಿದ್ದಲ್ಲ ಕಣಮ್ಮಾ, ಬರೆಸಿದ್ದು” ಎಂದರು ಪಕ್ಕದ ಮೇಜಿನ ಟೈಪಿಸ್ಟಮ್ಮನಿಗೆ.

“ಅಳಿಯ ಯಾಕೆ ಬರೆಸ್ತಾನೆ ಸಾರ್?”

“ಮುಂದಿನ ಕೋಣೆ ಅಂದ್ರೆ ಬಾಗಿಲ ಪಕ್ಕ. ಗಂಡ ಹೆಂಡತಿ ಅಂಗಡಿಗೆ ಹೋದ್ರೆ ಮನೆ ಕಾಯೋಕೆ ಒಬ್ಬ ಬೇಕಲ್ಲ?”

“ಹೋಗಿ ನೋಡಿಬನ್ನಿ. ಕಾಯೋ ಕೆಲಸ ಆದ್ರೆ ಒಂದು ಸೀಟಿ ಇಸ್ಕೊಂಡು ಬನ್ನಿ.”

ಗುಮಾಸ್ತರು ನಗಲಿಲ್ಲ. ಕಾಗದ ‘ರೆ’ ಟ್ರೇಗೆ ಬಿತ್ತು. ಹದಿನೆಂಟು ದಿನ ಅಲ್ಲೇ ಇತ್ತು. ದಿನಕ್ಕೆ ನಾಲ್ಕು ಸಲ ಎತ್ತಿ ಓದಿ, ಯಾರೂ ನೋಡಿಲ್ಲವೆಂದುಕೊಂಡು ಮತ್ತೆ ಅಲ್ಲಿಗೇ ಹಾಕುತ್ತಿದ್ದರು. ಟೈಪಿಸ್ಟಮ್ಮ ನೋಡುತ್ತಿದ್ದರು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಮಗಳೇ ಬಂದಳು. ಶಾಲೆ ಬಿಟ್ಟ ಮೇಲೆ ಅದೇ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಬೆಳೆದವಳು; ಯಾವ ಟ್ರೇ ಯಾವುದಕ್ಕೆ ಎಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ನಾಲ್ಕನೆಯ ಟ್ರೇಗೆ ಕೈ ಹಾಕಿ ಕಾಗದ ತೆಗೆದಳು.

“ಉತ್ತರ ಬರದೇ ಇದ್ದಾಗ್ಲೇ ಅಂದ್ಕೊಂಡೆ ಅಪ್ಪ, ಇಲ್ಲೇ ಬಿದ್ದಿರತ್ತೆ ಅಂತ.”

“ಯಾರು ಬರೆಸಿದ್ದು ಇದನ್ನ?”

ಅವಳು ಚೀಲದಿಂದ ಮುದುರಿದ ಹಾಳೆಗಳನ್ನು ಸುರಿದಳು. ಏಳು ಕರಡು. ಎಲ್ಲದರಲ್ಲೂ ಕೆಂಪು ಶಾಯಿಯ ಗೀಟು, ತಿದ್ದಿದವಳೂ ಅವಳೇ.

“ಒಂದು ತಪ್ಪು ಸಿಕ್ಕಿದ್ರೂ ತಿದ್ದಿ ವಾಪಸ್ ಕಳಿಸ್ತಿದ್ರಿ. ನನಗೆ ತಿದ್ದಿದ ಕಾಗದ ಬೇಡ್ವಾಗಿತ್ತು. ನೀವು ಬರೋದು ಬೇಕಾಗಿತ್ತು.”

ಗುಮಾಸ್ತರು ಏಳೂ ಹಾಳೆಗಳನ್ನು ಒಂದೊಂದಾಗಿ ನೋಡಿದರು. ಮೂರನೆಯ ಕರಡಿನಲ್ಲಿ ‘ಬಂದೇ ಬರಬೇಕು’ ಎಂದಿತ್ತು. ಅದನ್ನು ಹೊಡೆದು ಹಾಕಿದ್ದಳು.

“ಇದನ್ನ್ಯಾಕೆ ಹೊಡೆದೆ?”

“ಹೆದರಿಕೆ ಆಯ್ತು.”

ಅವಳು ಕಾಗದವನ್ನು ಮೂರನೆಯ ಟ್ರೇಗೆ ಹಾಕಿದಳು. “ಅದು ಅಪ್ಪಣೆಗೆ” ಎಂದರು. “ಗೊತ್ತು” ಎಂದಳು. ಗಡಿಯಾರದಲ್ಲಿ ಮೂರೂ ಹತ್ತು.

ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು: ಭಾನುವಾರ ಬರುತ್ತೇನೆ. ಒಣಗಿಸಿ ಅವಳ ಕೈಗೆ ಕೊಡಲು ಹೋದರು.

“ಟಪಾಲಿಗೇ ಹಾಕಿ.”

“ಎದುರಿಗೇ ಇದ್ದೀಯಲ್ಲ, ಟಪಾಲು ಯಾಕೆ?” ಮತ್ತೆ ಹುಬ್ಬು ಮೇಲೇರಿತು.

“ಮನೇಲಿ ಕೂತು ಓದಿ, ತಪ್ಪಿದ್ರೆ ತಿದ್ದಿ ವಾಪಸ್ ಕಳಿಸ್ತೀನಿ.”

ಟೈಪಿಸ್ಟಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರು. ಗುಮಾಸ್ತರು ಆ ಒಂದು ಸಾಲನ್ನು ಮೂರು ಸಲ ಓದಿ, ಅನುಮಾನ ತೀರದೆ ನಾಲ್ಕನೆಯ ಸಲವೂ ಓದಿ, ಲಕೋಟೆಗೆ ಹಾಕಿದರು. ನಾಲ್ಕು ಗಂಟೆಯ ಚೀಲದಲ್ಲಿ ಅದು ಹೋಯಿತು.