ಉಗಿ ಪೈಪಿನ ಫಿಟ್ಟರ್ ಅಣ್ಣ

ಫಿಟ್ಟರ್ ಅಣ್ಣನ ಕೆಳದುಟಿಯ ಎಡತುದಿ ಸದಾ ಸೀಳಿರುತ್ತಿತ್ತು. ಸೋರದಂತೆ ಪೈಪಿನ ತುದಿಯ ಥ್ರೆಡ್ಡಿನ ಗೆರೆಗಳಿಗೆ ಸುತ್ತುವ ಸೆಣಬಿನ ಎಳೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಬಿಗಿಯಾಗಿ ಎಳೆದು ಸುತ್ತುವುದು ಅವರ ರೂಢಿ. ಎಳೆ ಅದೇ ಜಾಗದಲ್ಲಿ ಕೊಯ್ದು ಕೊಯ್ದು ಗಾಯ ಮಾಯುತ್ತಲೇ ಇರಲಿಲ್ಲ. ಮಿರ್ಚಿ ತಿನ್ನುವಾಗ ಬಾಯಿ ಓರೆ ಮಾಡಿಕೊಳ್ಳುತ್ತಿದ್ದರು. ನಾವು ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದೆವು.

ಕಂಪ್ಲಿಯ ಹೊರಗಿನ ಒಂದು ಅಕ್ಕಿ ಗಿರಣಿ ಅದು. ಭತ್ತವನ್ನು ಉಗಿಯಲ್ಲಿ ಬೇಯಿಸಿ ಒಣಗಿಸುತ್ತಿದ್ದರು. ನಾನು ಕಣದಲ್ಲಿ ಬೆಂದ ಭತ್ತ ಹರವುತ್ತಿದ್ದೆ. ನನ್ನ ಗಂಡ ಬಾಯ್ಲರಿಗೆ ಹೊಟ್ಟು ಹಾಕಿ ಬೆಂಕಿ ನೋಡಿಕೊಳ್ಳುತ್ತಿದ್ದ. ಬಾಯ್ಲರಿನಿಂದ ತೊಟ್ಟಿಗಳಿಗೆ ಉಗಿ ಒಯ್ಯುವ ಪೈಪು, ಅದರ ವಾಲ್ವು, ಜಾಯಿಂಟುಗಳೆಲ್ಲ ಫಿಟ್ಟರ್ ಅಣ್ಣನ ಪಾಲು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸ ಬಿಟ್ಟು ಬಂದವರು. ಯಾಕೆ ಬಿಟ್ಟಿರಿ ಎಂದು ಕೇಳಿದರೆ, "ಅಲ್ಲಿ ಭಾಳ ಗಡಿಬಿಡಿ ಮಾಡ್ತಾರ" ಎಂದಷ್ಟೇ ಹೇಳುತ್ತಿದ್ದರು.

ಅವರ ಕೆಲಸ ನೋಡಲು ನಿಂತವರಿಗೆ ಬೇಸರ ಬರುತ್ತಿತ್ತು. ವಾಲ್ವು ಕೂರಿಸುವ ಮೊದಲು ಹಳೆಯ ಎಳೆ, ಒಣಗಿದ ಪೇಸ್ಟು ಎಲ್ಲವನ್ನೂ ತಂತಿ ಬ್ರಷ್ಷಿನಿಂದ ತಿಕ್ಕಿ ಥ್ರೆಡ್ಡು ಹೊಳೆಯುವಂತೆ ಮಾಡಬೇಕು. ಎಳೆಯನ್ನು ಬಿಗಿಯುವ ದಿಕ್ಕಿಗೇ ಸುತ್ತಬೇಕು. ಎದುರು ಸುತ್ತಿದರೆ ತಿರುಗಿಸಿದಂತೆಲ್ಲ ಬಿಚ್ಚಿ ಹೊರಬರುತ್ತದೆ. ಆಮೇಲೆ ತಣ್ಣೀರು ತುಂಬಿ, ಪ್ರೆಶರ್ ಕೊಟ್ಟು, ಪ್ರತಿ ಜಾಯಿಂಟಿಗೂ ಒಣ ಕಾಗದ ಒತ್ತಿ ನೋಡುತ್ತಿದ್ದರು. ಕಣ್ಣಿಗೆ ಕಾಣದ ಪಸೆ ಕಾಗದಕ್ಕೆ ಹತ್ತುತ್ತದೆ. "ನೀರು ಸೋರಿದ್ರ ಒರಸಬಹುದು. ಸ್ಟೀಮ್ ಸೋರಿದ್ರ ಒರಸಾಕ ಮನಷಾ ಉಳಿಯಂಗಿಲ್ಲ" ಎನ್ನುತ್ತಿದ್ದರು. ಜಾಯಿಂಟು ಬಿಗಿಯುವ ಪಾನಾ ತೋರಿಸಿ ನನ್ನ ಗಂಡನಿಗೂ ಎಷ್ಟೋ ಸಲ ಹೇಳಿದ್ದರು: "ಒಳಗ ಸ್ಟೀಮ್ ಇದ್ದಾಗ ಪಾನಾ ಹಚ್ಚಬ್ಯಾಡ ನೋಡಪಾ. ಯಾರು ಹೇಳಿದ್ರೂ ಹಚ್ಚಬ್ಯಾಡ."

ಆ ವರ್ಷ ಕಾಲುವೆಗೆ ನೀರು ಚೆನ್ನಾಗಿ ಬಂದು ಬೆಳೆ ಕೈತುಂಬ ಆಗಿತ್ತು. ಗಿರಣಿಯ ಮುಂದೆ ಭತ್ತದ ಲಾರಿಗಳು ರಸ್ತೆಯವರೆಗೆ ನಿಂತಿದ್ದವು. ಒಂದು ಬೆಳಿಗ್ಗೆ ತೊಟ್ಟಿಯೊಂದರ ವಾಲ್ವಿನ ಬುಡದಲ್ಲಿ ಸಣ್ಣಗೆ ಸೀಟಿ ಹೊಡೆದಂಥ ಶಬ್ದ ಶುರುವಾಯಿತು. ಫಿಟ್ಟರ್ ಅಣ್ಣ ನೋಡಿ, "ಬೆಂಕಿ ಎಳೀರಿ. ಆರಲಿ. ಬಿಚ್ಚಿ ಹೊಸಾದು ಕುಂದರಸ್ತೀನಿ" ಎಂದರು.

ಗಿರಣಿಯ ಸಾಹುಕಾರರು ಸಿಡಿಮಿಡಿಗೊಂಡರು. "ಲಾರಿ ನಿಂತಿದ್ದು ಕಾಣವಲ್ದೇನು? ಒಂದ್ ಸುತ್ತು ಬಿಗಿದ್ರ ಮುಗೀತು."

"ಆಗಂಗಿಲ್ರಿ. ಥ್ರೆಡ್ ಸವದೈತಿ. ಬಿಗಿದ್ರ ಕಿತ್ತು ಬರ್ತೈತ್ರಿ" ಎಂದು ಹೇಳಿ, ಅವರು ಹೊಸ ವಾಲ್ವು ತರಲು ಸ್ಟೋರ್ ಕಡೆ ಹೊರಟರು.

ಇಷ್ಟು ನಾನೇ ಕೇಳಿದ್ದು. ಆಮೇಲೆ ನಾನು ಕಣಕ್ಕೆ ಹೋದೆ. ಸ್ವಲ್ಪ ಹೊತ್ತಿಗೆ ಅಲ್ಲಿಗೆ ಫಿಟ್ಟರ್ ಅಣ್ಣನ ಕೂಗು ಕೇಳಿಸಿತು: "ಬ್ಯಾಡಲೇ! ಬಿಡಲೇ ಪಾನಾ!" ಅದರ ಹಿಂದೆಯೇ ಲಾರಿಯ ಟಯರು ಒಡೆದಂಥ ಸದ್ದು. ಓಡಿಹೋಗಿ ನೋಡಿದರೆ ಶೆಡ್ಡಿನೊಳಗೆ ಬರೀ ಬಿಳಿ ಉಗಿ. ಫಿಟ್ಟರ್ ಅಣ್ಣ ತಲೆಯ ಮೇಲೆ ಒದ್ದೆ ಗೋಣಿಚೀಲ ಹಾಕಿಕೊಂಡು ಒಳನುಗ್ಗಿದ್ದರು. ಬಾಯ್ಲರಿನಿಂದ ಉಗಿ ಬಿಡುವ ದೊಡ್ಡ ವಾಲ್ವಿನ ಕಾದ ಚಕ್ರವನ್ನು ಬರಿಗೈಯಲ್ಲಿ ತಿರುಗಿಸಿ ಮುಚ್ಚಿ, ನನ್ನ ಗಂಡನನ್ನು ಹೊರಗೆ ಎಳೆದು ತಂದರು. ಅವನ ಅಂಗಿ ಯಾವುದು, ಚರ್ಮ ಯಾವುದು ನನಗೆ ತಿಳಿಯಲಿಲ್ಲ.

ಅವನು ಉಳಿಯಲಿಲ್ಲ. ಮಣ್ಣು ಮಾಡಿ ಮನೆಗೆ ಬರುವಷ್ಟರಲ್ಲಿ ಊರಲ್ಲಿ ಮಾತು ಹಬ್ಬಿತ್ತು. ಕುಡಿದಿದ್ದನಂತೆ, ಬೇಡವೆಂದರೂ ತಾನಾಗಿಯೇ ಪಾನಾ ಹಚ್ಚಿದನಂತೆ. ನನ್ನ ಅತ್ತೆಯೇ ಒಂದು ದಿನ, "ಖರೇನೇನ?" ಎಂದು ಕೇಳಿದರು. ಗಂಡ ಸತ್ತ ದುಃಖಕ್ಕಿಂತ ಆ ಪ್ರಶ್ನೆ ನನ್ನನ್ನು ಹೆಚ್ಚು ಸುಟ್ಟಿತು.

ಫಿಟ್ಟರ್ ಅಣ್ಣ ಇನ್ನೂ ಆಸ್ಪತ್ರೆಯಲ್ಲಿದ್ದರು. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಸಾಹುಕಾರರು ಬಂದು, ಅವನೇ ಹಚ್ಚಿದ ಅಂತ ಹೇಳು, ನಿನ್ನನ್ನು ಕಡೆತನಕ ನೋಡಿಕೊಳ್ಳುತ್ತೇನೆ ಎಂದು ಹೇಳಿಹೋದದ್ದನ್ನು ಅವರ ಹೆಂಡತಿ ನನ್ನ ಕಿವಿಯಲ್ಲಿ ಉಸುರಿದಳು. ನಾನು ಅಲ್ಲಿರುವಾಗಲೇ ಪೊಲೀಸಿನವರು ಹೇಳಿಕೆ ಪಡೆಯಲು ಬಂದರು. ನಾನು ಎದ್ದು ಹೊರಟರೆ, "ಕುಂದ್ರು ತಂಗಿ" ಎಂದರು ಫಿಟ್ಟರ್ ಅಣ್ಣ.

"ಅವ ಕುಡಿದಿರಲಿಲ್ರಿ. ಸಾಹುಕಾರ್ ಬಿಗಿ ಅಂದ್ರು. ಫಿಟ್ಟರ್ ಬ್ಯಾಡಂದಾನ್ರಿ ಅಂತ ಅವ ಅಂದ. ಬಿಗೀತಿಯೋ ಮನಿಗೆ ಹೋಗ್ತಿಯೋ ಅಂದ್ರು. ಸ್ಟೋರ್ ಬಾಗಿಲಾಗ ನಿಂತು ನಾ ಕೇಳೀನ್ರಿ."

"ವಿಚಾರ ಮಾಡಿ ಹೇಳಪ್ಪ. ಕೆಲಸ ಹೋದೀತು."

"ಕೈಯೇ ಹೋಗ್ಯಾವ್ರಿ."

ಕಂಪ್ಲಿಯ ಯಾವ ಗಿರಣಿಯೂ ಮತ್ತೆ ಅವರನ್ನು ಒಳಗೆ ಕರೆಯಲಿಲ್ಲ. ಕೇಸು ಇನ್ನೂ ನಡೆಯುತ್ತಲೇ ಇದೆ. ಆದರೆ ಕುಡಿದಿದ್ದ ಎನ್ನುವ ಮಾತು ಅಂದೇ ನಿಂತಿತು. ನನ್ನ ಅತ್ತೆ ತಮ್ಮ ಮಗನ ಫೋಟೋವನ್ನು ಪೆಟ್ಟಿಗೆಯಿಂದ ತೆಗೆದು ಗೋಡೆಗೆ ಹಾಕಿದರು.

ಬೆರಳುಗಳು ಒಂದಕ್ಕೊಂದು ಅಂಟಿ ವಾಸಿಯಾದ ಮೇಲೆ, ಒಂದು ಸಂಜೆ ಅವರು ನಮ್ಮ ಮನೆಗೆ ಬಂದರು. ಕೆಲಸದ ಸಾಮಾನಿನ ಚೀಲ ಹೆಂಡತಿಯ ಹೆಗಲ ಮೇಲಿತ್ತು. "ನನ್ನ ಬೆರಳು ಮಡಚವಲ್ವು. ನಾ ಹೇಳ್ತೀನಿ, ನೀ ಮಾಡು. ಕಲೀತಿಯೇನು?"

ನನಗೆ ಸಿಟ್ಟು ಬಂತು. "ನನ್ನ ಗಂಡನ್ನ ತಿಂದ ಪೈಪು ಅಣ್ಣಾ ಅದು!"

"ಪೈಪು ತಿನ್ನಲಿಲ್ಲವ್ವ" ಎಂದರು. ಚೀಲವನ್ನು ನನ್ನ ಮುಂದೆ ಇಡಿಸಿದರು.

ಹೊಸಪೇಟೆಯ ಲಾಡ್ಜುಗಳ ಬಿಸಿನೀರಿನ ಪೈಪುಗಳಿಂದ ಶುರು ಮಾಡಿದೆ. ಅವರು ಬಕೆಟ್ಟು ಬೋರಲು ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ನನ್ನ ಮೊದಲ ಜಾಯಿಂಟು ಸೋರಿತು. ಬಿಚ್ಚಿಸಿದರು. ಮತ್ತೆ ಸೋರಿತು, ಮತ್ತೆ ಬಿಚ್ಚಿಸಿದರು. ನಾನು ಅತ್ತುಬಿಟ್ಟೆ. ಅವರು ಸಮಾಧಾನ ಹೇಳದೆ ಎಳೆ ಕೈಗೆ ಕೊಟ್ಟರು. ಹೆಣ್ಣುಮಗಳು ಪಾನಾ ಹಿಡಿಯುತ್ತಾಳಾ ಎಂದು ಯಾರೋ ನಕ್ಕರೆ, "ಸೋರಿದ್ರ ಬಂದು ಕೇಳ್ರಿ" ಎನ್ನುತ್ತಿದ್ದರು. ಕೊನೆಗೆ ಎಮ್ಮಿಗನೂರಿನ ಕಡೆಯ ಒಂದು ಗಿರಣಿಯವರು ಬಾಯ್ಲರ್ ಲೈನಿಗೇ ನನ್ನನ್ನು ಕರೆದರು. ಯಾರೇ ಆಗಲಿ ಪೈಪು ಬಿಸಿಯಿದ್ದಾಗ ಬಿಗಿಯಲು ಹೇಳಿದರೆ ನಾನು ಚೀಲ ಎತ್ತಿಕೊಂಡು ಹೊರಗೆ ಬಂದು ಕೂರುತ್ತೇನೆ. ಇಂದಿಗೂ ಅಷ್ಟೇ.

ಅಂದು ಕುಡಿದ ಉಗಿ ಫಿಟ್ಟರ್ ಅಣ್ಣನ ಎದೆಯೊಳಗೆ ಉಳಿದೇ ಇತ್ತೇನೋ, ಕೆಮ್ಮು ಬಿಡಲಿಲ್ಲ. ಹೋದ ಬೇಸಿಗೆಯಲ್ಲಿ ಮಾತೂ ಕಷ್ಟವಾಯಿತು. ಅಂಥದ್ದರಲ್ಲಿ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, "ನನಗ ಬೆಂಕಿ ಬ್ಯಾಡವ್ವ. ಮಣ್ಣಾಗ ಇಡ್ರಿ" ಎಂದರು.

ಅವರ ಮನೆತನದಲ್ಲಿ ಸುಡುವುದೇ ಪದ್ಧತಿ. ತೀರಿಕೊಂಡ ದಿನ ಅಣ್ಣತಮ್ಮಂದಿರು ಕಟ್ಟಿಗೆ ತರಿಸಿದ್ದರು. ಹೆಂಡತಿಗೆ ಅಳುವಿನಲ್ಲಿ ಮಾತು ಹೊರಡಲಿಲ್ಲ. ನಾನು ಗಂಡಸರ ನಡುವೆ ಹೋಗಿ ನಿಂತು ಅವರು ಹೇಳಿದ್ದನ್ನು ಹೇಳಿದೆ.

"ನೀ ಯಾರು ಹೇಳಾಕ?" ಎಂದರು ಹಿರಿಯಣ್ಣ.

ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದೆ. ಅಲ್ಲಿಂದ ಕದಲಲಿಲ್ಲ.

ಹೊತ್ತು ಏರಿದ ಮೇಲೆ ಕಟ್ಟಿಗೆ ವಾಪಸು ಹೋಯಿತು, ಗುದ್ದಲಿ ಬಂತು. ಮೇಲಿನ ಮಣ್ಣು ಬಿಸಿಲಿಗೆ ಕಾದು ಸುಡುತ್ತಿತ್ತು. ಅಗೆದಂತೆ ಕೆಳಗೆ ತಣ್ಣಗಿನ ಕರಿಮಣ್ಣು ಸಿಕ್ಕಿತು. ನಾನು ಬಗ್ಗಿ ಅದರಲ್ಲೇ ಒಂದು ಹಿಡಿ ತೆಗೆದುಕೊಂಡು ಅವರ ಮೇಲೆ ಹಾಕಿದೆ.