ನಾನು ಕತ್ತರಿಸಿದ ಟೀಮಿನ ಪಟ

ಮೊನ್ನೆ ಮೊಮ್ಮಗಳು ಒಂದು ಪೊಟ್ಟಣ ಹರಿದಳು. ಹೊಸ ರಟ್ಟಿನ ವಾಸನೆ ಗಮ್ಮಂತ ಬಂತು. ಒಳಗೆ ಫುಟ್‌ಬಾಲ್ ಆಡೋರ ಕಾರ್ಡು, ಒಂದೊಂದರಲ್ಲೂ ಒಬ್ಬೊಬ್ಬರ ಮುಖ, ಕೆಳಗೆ ನಂಬರು. "ನೋಡಜ್ಜಿ, ಇವನು ಎಷ್ಟು ಗೋಲ್ ತಡ್ದಿದಾನೆ!" ಅಂದಳು. ಓದು ನನಗೆ ಅಷ್ಟಕ್ಕಷ್ಟೆ, ಮೂರನೇ ಕ್ಲಾಸಿಗೇ ಬಿಟ್ಟವಳು. ಆದ್ರೆ ಫುಟ್‌ಬಾಲು ಗೊತ್ತು ಕಣ್ರೀ! ಬಂಗಾರಪೇಟೆಗೆ ಸೊಸೆಯಾಗಿ ಬರೋ ಮುಂಚೆ ನಾನು ಚಿನ್ನದ ಗಣಿ ಊರು ಉರಿಗಾಂನವಳು.

ಅಲ್ಲಿ ಗಣಿ ಕೆಲಸದವರ ಸಾಲುಮನೆ ಲೈನಿನಲ್ಲಿ ನಮ್ಮ ಎದುರುಮನೆ ಮಾಮ ನಮ್ಮ ಟೀಮಿಗೆ ಗೋಲ್‌ಕೀಪರು, ಕ್ಯಾಪ್ಟನ್ನೂ ಅವರೇ. ಬೆಳಿಗ್ಗೆ ಶಿಫ್ಟಿಗೆ ನೆಲದೊಳಗೆ ಇಳಿದು, ಮೇಲೆ ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡ್ಕೊಂಡೇ ಗ್ರೌಂಡಿಗೆ ಬರೋರು. ಮನೇಲಿ ತಮಿಳು, ನಮ್ಮ ಜೊತೆ ಕನ್ನಡ, ಚೆಂಡಿನ ಜೊತೆ ಮಾತ್ರ ತೆಲುಗು. "ರಾವೇ, ರಾ! ಎಕ್ಕಡಿಕಿ ಪೋತಾವ್?" ಬಾರೇ, ಎಲ್ಲಿಗೆ ಹೋಗ್ತೀಯ ಅಂತ ಅದನ್ನ ಕರೆದು ಕರೆದು ಹಿಡಿಯೋರು. ಗೋಲಿನ ಹಿಂದೆ ನಿಂತು ಕುಣೀತಿದ್ದವಳು ನಾನು.

ಒಂದು ಸಲ ಇನ್ನೊಂದು ಗಣಿಯ ಕೋರಮಂಡಲ್ ಟೀಮನ್ನ ಸೋಲಿಸಿದರು. ರಾಬರ್ಟ್‌ಸನ್‌ಪೇಟೆ ಸ್ಟುಡಿಯೋದವರು ಬಂದು ಪಟ ತೆಗೆದರು. ಹನ್ನೊಂದು ಜನಕ್ಕೂ ಸೇರಿ ಒಂದೇ ಪಟ. ಅದು ಮಾಮನ ಮನೆಯಲ್ಲಿತ್ತು.

ಆಗ ನಮ್ಮ ಲೈನಿನ ಮಕ್ಕಳೆಲ್ಲ ಸಿಗರೇಟ್ ಪ್ಯಾಕಿನ ರಟ್ಟು ಕೂಡಿಸೋರು. ನೆಲದ ಮೇಲೆ ಗುಂಡಗೆ ಗೆರೆ ಎಳೆದು, ಒಳಗೆ ರಟ್ಟು ಇಟ್ಟು, ದೂರದಿಂದ ಬಿಲ್ಲೆ ಕಲ್ಲಲ್ಲಿ ಹೊಡೆಯೋದು. ಗೆರೆ ದಾಟಿದ ರಟ್ಟು ಹೊಡೆದವರದ್ದು. ನನಗೆ ಬರೀ ರಟ್ಟು ಸಾಕಾಗಲಿಲ್ಲ, ನಮ್ಮ ಆಟಗಾರರೇ ಬೇಕಿತ್ತು. ಮಾಮ ಶಿಫ್ಟಿಗೆ ಹೋಗಿದ್ದಾಗ ಅವರ ಹೆಂಡತಿ ಅತ್ತೆಯ ಕತ್ತರಿ ತಗೊಂಡು ಆ ಪಟಾನ ಹನ್ನೊಂದು ತುಂಡು ಮಾಡಿ, ಗಂಜಿ ಹಚ್ಚಿ ರಟ್ಟಿಗೆ ಅಂಟಿಸಿಬಿಟ್ಟೆ. ಮಾಮನ ಕೆಳಗೆ ಇದ್ದಿಲಲ್ಲಿ 'ಏಳು' ಅಂತ ಬರೆದೆ, ಆ ಮ್ಯಾಚಲ್ಲಿ ತಡೆದ ಗೋಲು.

ಅತ್ತೆ ಬಾಯಿ ಬಾಯಿ ಬಡ್ಕೊಂಡರು. ಮಾಮ ಬಂದರು. ಕಾರ್ಡನ್ನ ಬಾಗಿಲ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಏನ್ ಪಾಪ, ಏಳೇನಾ? ಒಂಬತ್ತು ತಡ್ದಿವ್ನಿ ಕಣಮ್ಮ. ಮೋಸ ಮಾಡ್ತೀಯ? ತಿದ್ದು!"

ಅತ್ತೆಗೂ ನಗು ತಡೆಯೋಕಾಗಲಿಲ್ಲ.

ಒಂದೊಂದೇ ಕಾರ್ಡು ಸೋತೆ. ಮಾಮನ ಕಾರ್ಡನ್ನ ಮಾತ್ರ ಆಟಕ್ಕೆ ಇಟ್ಟಿರಲಿಲ್ಲ. ಒಂದಿನ ಕೋರಮಂಡಲಿನಿಂದ ನೆಂಟರ ಮನೆಗೆ ಬಂದ ಹುಡುಗಿ ರೇಗಿಸಿದಳು, "ನಿಮ್ಮ ಟೀಮೇ ಖಾಲಿ ಆಯ್ತಲ್ಲೇ!" ನನಗೆ ರೋಷ. ಗೋಲು ಕಾಯೋರನ್ನ ಯಾರು ಹೊಡೀತಾರೆ ಅಂತ ಧೈರ್ಯ. ಗೆರೆಯ ಒಳಗೆ ಇಟ್ಟೆ. ಒಂದೇ ಕಲ್ಲಿಗೆ ಹೊರಗೆ ಹೋದರು... ಆ ಹುಡುಗಿ ಕಾರ್ಡು ತಗೊಂಡು ಅವತ್ತೇ ಊರಿಗೆ ಹೋದಳು.

"ನಾನು ಎಲ್ಲಿವ್ನಿ ಪಾಪ?" ಅಂತ ಮಾಮ ಆಗಾಗ ಕೇಳೋರು.

"ಪೆಟ್ಟಿಗೇಲಿ ಇದೀಯ ಮಾಮ" ಅನ್ನೋಳು ನಾನು.

ಎರಡು ವರ್ಷ ಹೀಗೇ ಅಂದೆ. ಮೂರನೇ ವರ್ಷ ಗಣಿಯೊಳಗೆ ಬಂಡೆ ಕುಸೀತು. ಮಾಮನ್ನ ಮುಚ್ಚಿದ ಪೆಟ್ಟಿಗೆಯಲ್ಲಿ ತಂದರು, ಯಾರಿಗೂ ಮುಖ ತೋರಿಸಲಿಲ್ಲ. ಕಾರ್ಯದ ಹಿಂದಿನ ದಿನ ಅತ್ತೆ ನಮ್ಮ ಹೊಸಲಿಗೆ ಬಂದರು. "ಪಾಪ, ಆ ಕಾರ್ಡು ಕೊಡಮ್ಮ. ದೊಡ್ಡದು ಮಾಡಿಸ್ತೀನಿ. ಮದ್ವೇಲೂ ಒಂದು ಪಟ ತೆಗೆಸ್ಲಿಲ್ಲ ನಾವು."

ಆಟದಲ್ಲಿ ಸೋತುಬಿಟ್ಟೆ, ಈಗ ಇಲ್ಲ ಅಂದೆ. ಅತ್ತೆ ಬಯ್ಯದೆ ವಾಪಸು ಮನೆಗೆ ಹೋದರು. ಗಣಿಯವರು ತಂದುಕೊಟ್ಟ ಮಾಮನ ಹಾಜರಿಯ ಹಿತ್ತಾಳೆ ಟೋಕನ್‌ನಲ್ಲಿ ಬರೀ ನಂಬರು. ಕೊನೆಗೆ ಕುರ್ಚಿ ಮೇಲೆ ಅವರ ಆಟದ ಅಂಗಿ ಹರಡಿ, ಅದಕ್ಕೇ ಹಾರ ಹಾಕಿದರು.

ಅತ್ತೆ ಹೋಗಿ ಎಷ್ಟೋ ಕಾಲ ಆಯ್ತು. ಗಣಿಯೂ ಮುಚ್ಚಿತು. ಆ ಲೈನಿನವರು ಯಾರೆಲ್ಲಿದಾರೋ...

ಇವತ್ತು ಮಧ್ಯಾಹ್ನ ಮೊಮ್ಮಗಳು ಓಡಿ ಬಂದಳು. ಸ್ಕೂಲ್ ಟೀಮಿಗೆ ಇವಳೇ ಗೋಲ್‌ಕೀಪರಂತೆ! ಕುಣಿದುಬಿಟ್ಟೆ, ಮಂಡಿನೋವು ಎಲ್ಲಿ ಹೋಯ್ತೋ. ಬೀದಿಗೆಲ್ಲ ಸಕ್ಕರೆ ಹಂಚಿದೆ. ಎಲ್ಲರೂ ಸಕ್ಕರೆ ಬಾಯಿಗೆ ಹಾಕ್ಕೊಂಡು ಒಳಗೆ ಹೋದರು. ಗೋಲ್‌ಕೀಪರ್ ಅಂದರೆ ಏನು ಅಂತ ಅವರಿಗೇನು ಗೊತ್ತು?

ಗೊತ್ತಿದ್ದವರು ಒಬ್ಬರೇ. ಅವರಿಗೆ ಹೇಳೋಣ ಅಂತ ಒಳಗೆ ಬಂದು ಕಣ್ಣು ಮುಚ್ಚಿದೆ. ಆ ಎರಡು ಕೈ ಬಂತು, ಆ ತೆಲುಗು ಬಂತು. ಮುಖ ಮಾತ್ರ ಬರಲೇ ಇಲ್ಲ.